ಕೊಂಡ ಡೇಟಾ ಹಂಚಿಕೊಳ್ಳಲು ದೊಣ್ಣೆನಾಯಕನ ಅಪ್ಪಣೆ ಏಕೆ?

ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡೋದು ನಮ್ಮಲ್ಲಿ ಎಷ್ಟು ಸಲೀಸಾಗಿದೆ ಅಂದರೆ, ಅದಕ್ಕೂ ಯಾರದೋ ಅನುಮತಿ ಬೇಕಾಗಬಹುದು ಅನ್ನುವ ಯೋಚನೆಯೇ ಬರುವುದಿಲ್ಲ. ಪಿಜಿಯಲ್ಲಿ ರೂಂಮೇಟಿನ ಡೇಟಾ ಮುಗಿದರೆ "ಹಾಟ್‌ಸ್ಪಾಟ್ ಆನ್ ಮಾಡೋ" ಅಂತಾನೆ, ನಾವು ಮಾಡ್ತೀವಿ. ಮುಗೀತು ಕಥೆ. ಇದೇ ಹುಡುಗರು ಎಂಎಸ್ ಓದಲು ಅಮೆರಿಕಕ್ಕೆ ಹೋಗಿ ಅಲ್ಲಿ ಸಿಮ್ ಕೊಳ್ಳುವಾಗ ಪ್ಲಾನಿನ ವಿವರಗಳಲ್ಲಿ ಎರಡು ಬೇರೆ ಬೇರೆ ಸಾಲು ಕಾಣುತ್ತವೆ. ಮೇಲಿನ ಸಾಲಿನಲ್ಲಿ ದಪ್ಪಕ್ಷರದಲ್ಲಿ "ಡೇಟಾ: ಅನ್‌ಲಿಮಿಟೆಡ್". ಅದರ ಕೆಳಗೆ ಸಣ್ಣಕ್ಷರದಲ್ಲಿ "ಹಾಟ್‌ಸ್ಪಾಟ್ ಡೇಟಾ: ಇಂತಿಷ್ಟು ಜಿಬಿ, ನಂತರ ವೇಗ ಕಡಿತ".

ಒಂದೇ ಫೋನು, ಒಂದೇ ಸಿಮ್, ಒಂದೇ ಟವರ್. ಹಾಗಿದ್ದರೂ ಫೋನಿನ ಪರದೆಗೆ ಬರುವ ಡೇಟಾ ಒಂದು ಜಾತಿ, ಅದೇ ಫೋನಿನ ಮೂಲಕ ಲ್ಯಾಪ್‌ಟಾಪಿಗೆ ಹೋಗುವ ಡೇಟಾ ಇನ್ನೊಂದು ಜಾತಿ. ಈ ಭೇದ ಎಲ್ಲಿಂದ ಬಂತು, ತಾಂತ್ರಿಕವಾಗಿ ಅದನ್ನು ಹೇಗೆ ಜಾರಿ ಮಾಡ್ತಾರೆ, ಗ್ರಾಹಕರು ಅದರ ವಿರುದ್ಧ ಎಲ್ಲಿ ಗೆದ್ದರು, ಎಲ್ಲಿ ಸೋತರು, ಭಾರತದ ನಿಯಮ ಏನನ್ನುತ್ತದೆ? ಇವಿಷ್ಟನ್ನೂ ಒಂದೇ ಕಡೆ ಬರೆದಿಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡ್ತೀನಿ: ಎಷ್ಟು ಡೇಟಾ ಬಳಸಿದಿರಿ ಅಂತ ಲೆಕ್ಕ ಕೇಳುವ ಹಕ್ಕು ಕಂಪನಿಗೆ ಇದೆ. ಅದನ್ನು ಯಾವ ಪರದೆಯಲ್ಲಿ ಬಳಸಿದಿರಿ ಅಂತ ಕೇಳುವ ಹಕ್ಕು ಇಲ್ಲ.

ಟೆದರಿಂಗ್ ಅಂದರೆ ಏನು?

ಟೆದರ್ ಅಂದರೆ ಹಗ್ಗ ಹಾಕಿ ಗೂಟಕ್ಕೆ ಕಟ್ಟುವುದು. ಇಲ್ಲಿ ಗೂಟ ನಿಮ್ಮ ಫೋನು, ಅದಕ್ಕೆ ಕಟ್ಟಿಸಿಕೊಳ್ಳುವುದು ಲ್ಯಾಪ್‌ಟಾಪ್, ಟ್ಯಾಬ್ ಅಥವಾ ಇನ್ನೊಂದು ಫೋನು. ಯುಎಸ್‌ಬಿ ಕೇಬಲ್, ಬ್ಲೂಟೂತ್, ವೈಫೈ, ಮೂರರಲ್ಲಿ ಯಾವ ಹಗ್ಗವಾದರೂ ಸರಿ. ವೈಫೈ ಮೂಲಕ ಮಾಡಿದರೆ ಅದನ್ನೇ ಹಾಟ್‌ಸ್ಪಾಟ್ ಅನ್ನುತ್ತೇವೆ.

ಫೋನಿನ ಒಳಗೆ ನಡೆಯುವುದು ಸರಳ. ಮನೆಯ ವೈಫೈ ರೂಟರ್ ಮಾಡುವ ಕೆಲಸವನ್ನೇ ಫೋನು ಮಾಡುತ್ತದೆ. ಲ್ಯಾಪ್‌ಟಾಪ್ ಕಳಿಸಿದ ಪ್ಯಾಕೆಟ್ಟಿನ ಮೇಲೆ ತನ್ನ ವಿಳಾಸ ಬರೆದು ಟವರಿಗೆ ಕಳಿಸುತ್ತದೆ, ಉತ್ತರ ಬಂದಾಗ ಲ್ಯಾಪ್‌ಟಾಪಿಗೆ ದಾಟಿಸುತ್ತದೆ. ಟವರಿನ ರೇಡಿಯೋಗೆ ಸಂಬಂಧಪಟ್ಟಂತೆ ಒಂದು ಜಿಬಿ ಅಂದರೆ ಒಂದು ಜಿಬಿ. ಯೂಟ್ಯೂಬ್ ವಿಡಿಯೋ ಆರಿಂಚಿನ ಪರದೆಯಲ್ಲಿ ಓಡಿತೋ ಹದಿನೈದು ಇಂಚಿನದರಲ್ಲಿ ಓಡಿತೋ ಅದಕ್ಕೆ ಗೊತ್ತಾಗುವುದೂ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ.

ಆಂಡ್ರಾಯ್ಡ್‌ಗೆ ಹಾಟ್‌ಸ್ಪಾಟ್ ಸೌಲಭ್ಯ ಬಂದಿದ್ದು 2010ರಲ್ಲಿ, ಫ್ರೋಯೋ ಅಂತ ಕರೆಸಿಕೊಂಡ 2.2 ಆವೃತ್ತಿಯ ಜೊತೆ. ಐಫೋನಿಗೆ 2009ರಲ್ಲಿ ಕೇಬಲ್ ಮತ್ತು ಬ್ಲೂಟೂತ್ ಟೆದರಿಂಗ್ ಬಂತು, 2011ರಲ್ಲಿ ಪರ್ಸನಲ್ ಹಾಟ್‌ಸ್ಪಾಟ್ ಬಂತು. ಅಂದರೆ ಫೋನು ತಯಾರಿಸುವವರು ಬಾಗಿಲು ಇಟ್ಟೇ ಕೊಟ್ಟಿದ್ದರು. ಬೀಗ ಹಾಕಿದ್ದು ಟೆಲಿಕಾಂ ಕಂಪನಿಗಳು.

ಕಂಪನಿಗೆ ಹೇಗೆ ಗೊತ್ತಾಗುತ್ತೆ?

ಜನ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮುಖ್ಯವಾಗಿ ಮೂರು ದಾರಿ ಇವೆ.

ಒಂದು, ಫೋನನ್ನೇ ಕಾವಲುಗಾರನನ್ನಾಗಿ ಮಾಡುವುದು. ನೀವು ಹಾಟ್‌ಸ್ಪಾಟ್ ಬಟನ್ ಒತ್ತಿದಾಗ ಫೋನು ಮೊದಲು ಕಂಪನಿಯ ಸರ್ವರನ್ನು ಕೇಳುತ್ತದೆ, ಈ ಗ್ರಾಹಕನ ಪ್ಲಾನಿನಲ್ಲಿ ಇದಕ್ಕೆ ಅವಕಾಶ ಇದೆಯಾ ಅಂತ. ಇಲ್ಲ ಅಂದರೆ ಕಂಪನಿಯನ್ನು ಸಂಪರ್ಕಿಸಿ ಅನ್ನುವ ಸಂದೇಶ ಬರುತ್ತದೆ. ಐಫೋನಿನಲ್ಲಿ ಇದನ್ನು ಆಯಾ ಟೆಲಿಕಾಂ ಕಂಪನಿಯ ಸೆಟ್ಟಿಂಗ್ಸ್ ಕಡತ ನಿರ್ಧರಿಸುತ್ತದೆ. ಆಂಡ್ರಾಯ್ಡಿನಲ್ಲೂ ಇಂಥ ತಪಾಸಣೆಗೆ ವ್ಯವಸ್ಥೆ ಇದೆ. ಜೊತೆಗೆ, ಹಾಟ್‌ಸ್ಪಾಟ್ ಡೇಟಾವನ್ನು ಬೇರೆಯದೇ ಎಪಿಎನ್ ಮೂಲಕ ಕಳಿಸುವಂತೆ ಫೋನಿಗೆ ಹೇಳಬಹುದು. ಆಗ ಎಣಿಕೆ ಸುಲಭ: ಒಂದು ಗೇಟಿನಲ್ಲಿ ಬಂದದ್ದು ಫೋನಿನದು, ಇನ್ನೊಂದು ಗೇಟಿನಲ್ಲಿ ಬಂದದ್ದು ಲ್ಯಾಪ್‌ಟಾಪಿನದು.

ಎರಡು, ಟಿಟಿಎಲ್. ಎಂಜಿನಿಯರಿಂಗಿನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್ ಬರೆದವರಿಗೆ ನೆನಪಿರಬಹುದು. ಪ್ರತಿ ಪ್ಯಾಕೆಟ್ಟಿನ ಮೇಲೂ ಒಂದು ಸಂಖ್ಯೆ ಇರುತ್ತದೆ, ಪ್ರತಿ ರೂಟರ್ ದಾಟಿದಾಗಲೂ ಅದು ಒಂದೊಂದೇ ಕಮ್ಮಿಯಾಗುತ್ತದೆ. ಪ್ಯಾಕೆಟ್ ದಾರಿ ತಪ್ಪಿ ಅನಂತಕಾಲ ಸುತ್ತುತ್ತಾ ಇರಬಾರದು ಅನ್ನುವುದು ಅದರ ಮೂಲ ಉದ್ದೇಶ. ಆಂಡ್ರಾಯ್ಡ್ ಮತ್ತು ಐಫೋನುಗಳು ಸಾಮಾನ್ಯವಾಗಿ 64ರಿಂದ ಶುರು ಮಾಡುತ್ತವೆ, ವಿಂಡೋಸ್ 128ರಿಂದ. ಫೋನಿನಲ್ಲೇ ಹುಟ್ಟಿದ ಪ್ಯಾಕೆಟ್ ಟವರಿಗೆ 64 ಅಂತಲೇ ತಲುಪುತ್ತದೆ. ಲ್ಯಾಪ್‌ಟಾಪಿನಲ್ಲಿ ಹುಟ್ಟಿ ಫೋನು ದಾಟಿ ಬಂದದ್ದು 127 ಅಥವಾ 63 ಆಗಿರುತ್ತದೆ. ಒಂದು ಹೆಜ್ಜೆ ಹೆಚ್ಚು ನಡೆದು ಬಂದಿದೆ ಅಂತ ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಈ ಸಂಖ್ಯೆಯನ್ನು ಬದಲಿಸುವುದೂ ಸಾಧ್ಯ, ಹಾಗಾಗಿ ಇದು ಸುಳಿವು ಮಾತ್ರ, ಸಾಕ್ಷಿ ಅಲ್ಲ.

ಮೂರು, ಡೇಟಾದ ಚಹರೆ ನೋಡುವುದು. ಹಿಂದೆ ಬ್ರೌಸರುಗಳು ಪ್ರತಿ ವೆಬ್‌ಸೈಟಿಗೂ ತಾವು ಯಾವ ಸಾಧನದಿಂದ ಬಂದವರು ಅಂತ ಬಹಿರಂಗವಾಗಿ ಹೇಳಿಕೊಳ್ಳುತ್ತಿದ್ದವು, ದಾರಿಯಲ್ಲಿ ನಿಂತವರೂ ಅದನ್ನು ಓದಬಹುದಿತ್ತು. ಈಗ ಬಹುತೇಕ ಸಂಚಾರ ಗೂಢಲಿಪಿಯಲ್ಲಿ ಇರುವುದರಿಂದ ಅದು ಕಷ್ಟ. ಆದರೂ ಯಾವ ಸರ್ವರಿಗೆ ಹೋಗ್ತಾ ಇದೆ ಅನ್ನುವುದು ಅನೇಕ ಸಲ ಕಾಣುತ್ತದೆ. ವಿಂಡೋಸ್ ಅಪ್‌ಡೇಟ್ ಕೇಳುತ್ತಿರುವ "ಫೋನು" ನಿಜಕ್ಕೂ ಫೋನಲ್ಲ ಅಂತ ಊಹಿಸಲು ಪಂಡಿತರು ಬೇಕಿಲ್ಲ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಈ ಮೂರರಲ್ಲಿ ಯಾವುದೂ ನೆಟ್‌ವರ್ಕ್ ಓಡಿಸಲು ಬೇಕಾದದ್ದಲ್ಲ. ಮೊದಲನೆಯದರಲ್ಲಿ ನೀವು ದುಡ್ಡು ಕೊಟ್ಟು ಕೊಂಡ ಫೋನು ನಿಮ್ಮ ಬಗ್ಗೆಯೇ ಚಾಡಿ ಹೇಳುತ್ತದೆ. ಮೂರನೆಯದರಲ್ಲಿ ಕಂಪನಿ ನಿಮ್ಮ ಸಂಚಾರವನ್ನು ಇಣುಕಿ ನೋಡುತ್ತದೆ. ಟೆದರಿಂಗ್ ನಿರ್ಬಂಧ ಜಾರಿಯಾಗಬೇಕಾದರೆ ಬೇಹುಗಾರಿಕೆ ಬೇಕೇ ಬೇಕು. ಹಾಗಾಗಿ ಇದನ್ನು ಬರೀ ಬೆಲೆಯ ಜಗಳ ಅಂತ ಬದಿಗಿಡುವಂತಿಲ್ಲ, ಖಾಸಗಿತನದ ಪ್ರಶ್ನೆಯೂ ಇದರಲ್ಲಿದೆ.

20 ಡಾಲರಿಗೆ ಸೊನ್ನೆ ಎಂಬಿ

ಈ ಜಗಳದ ತವರು ಅಮೆರಿಕ. 2007ರಿಂದ 2011ರ ಆರಂಭದವರೆಗೆ ಅಲ್ಲಿ ಐಫೋನ್ ಮಾರುವ ಹಕ್ಕು ಎಟಿ ಆ್ಯಂಡ್ ಟಿ ಕಂಪನಿಯೊಂದಕ್ಕೇ ಇತ್ತು. 2008ರಲ್ಲಿ ನೆಟ್‌ಶೇರ್ ಅನ್ನುವ ಆ್ಯಪ್ ಸುಮಾರು 10 ಡಾಲರಿಗೆ ಟೆದರಿಂಗ್ ಸಾಧ್ಯ ಮಾಡಿತು. ಆ್ಯಪಲ್ ಅದನ್ನು ತನ್ನ ಆ್ಯಪ್ ಸ್ಟೋರಿನಿಂದ ಕಿತ್ತುಹಾಕಿತು. 2009ರ ಜೂನಿನಲ್ಲಿ ಆ್ಯಪಲ್ ತಾನೇ ಟೆದರಿಂಗ್ ಸೌಲಭ್ಯ ಘೋಷಿಸಿದಾಗ ಬೇರೆ ದೇಶಗಳ ಕಂಪನಿಗಳು ಪಟ್ಟಿಯಲ್ಲಿದ್ದವು, ಎಟಿ ಆ್ಯಂಡ್ ಟಿ ಇರಲಿಲ್ಲ. ಸಭಾಂಗಣದಲ್ಲಿದ್ದವರು ನಕ್ಕರು. ಅಮೆರಿಕದ ಐಫೋನ್ ಗ್ರಾಹಕರಿಗೆ ಆ ನಗು ಒಂದು ವರ್ಷ ಉಳಿಯಿತು.

2010ರ ಜೂನಿನಲ್ಲಿ ಎಟಿ ಆ್ಯಂಡ್ ಟಿ ಕೊನೆಗೂ ಟೆದರಿಂಗ್ ಕೊಟ್ಟಿತು. ಕೊಟ್ಟ ರೀತಿ ಮಾತ್ರ ಇಡೀ ವಿಷಯವನ್ನು ಒಂದೇ ಏಟಿಗೆ ಅರ್ಥ ಮಾಡಿಸುವಂಥದ್ದು. ಆವತ್ತೇ ಅದು ಹೊಸ ಗ್ರಾಹಕರಿಗೆ ಅನ್‌ಲಿಮಿಟೆಡ್ ಪ್ಲಾನ್ ನಿಲ್ಲಿಸಿ, 15 ಡಾಲರಿಗೆ 200 ಎಂಬಿ, 25 ಡಾಲರಿಗೆ 2 ಜಿಬಿ ಅಂತ ಅಳತೆಯ ಪ್ಲಾನುಗಳನ್ನು ತಂದಿತು. ಟೆದರಿಂಗ್ ಬೇಕಿದ್ದವರು 25 ಡಾಲರಿನ ಪ್ಲಾನ್ ಮೇಲೆ ತಿಂಗಳಿಗೆ ಇನ್ನೂ 20 ಡಾಲರ್ ಕೊಡಬೇಕು. ಆ 20 ಡಾಲರಿಗೆ ಹೆಚ್ಚುವರಿ ಡೇಟಾ ಎಷ್ಟು? ಸೊನ್ನೆ. ಅದೇ 2 ಜಿಬಿಯನ್ನು ಲ್ಯಾಪ್‌ಟಾಪಿನಲ್ಲೂ ಬಳಸಲು ಕೊಡುವ ಅಪ್ಪಣೆಯ ಬೆಲೆ ಅದು.

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕೇ ಅಂತ ನಮ್ಮಲ್ಲೊಂದು ಗಾದೆ ಇದೆ. ಇಲ್ಲಿ ಅದು ಹೊಳೆ ನೀರೂ ಅಲ್ಲ, ದುಡ್ಡು ಕೊಟ್ಟು ತುಂಬಿಸಿಕೊಂಡ ಕೊಡದ ನೀರು. ಆ ಕೊಡದಿಂದ ತಂಬಿಗೆಗೆ ಬಗ್ಗಿಸಿಕೊಳ್ಳಲು ನಾಯಕ ಮತ್ತೆ ಸುಂಕ ಕೇಳಿದ.

ಸಹಜವಾಗಿ ಜನ ಅಡ್ಡದಾರಿ ಹುಡುಕಿದರು. 2010ರ ಜುಲೈನಲ್ಲಿ ಹ್ಯಾಂಡಿ ಲೈಟ್ ಅನ್ನುವ ಟಾರ್ಚ್ ಆ್ಯಪ್ ಒಂದು ಆ್ಯಪ್ ಸ್ಟೋರಿಗೆ ಬಂತು. ಅದರೊಳಗೆ ಗುಟ್ಟಾಗಿ ಟೆದರಿಂಗ್ ಸೌಲಭ್ಯ ಇತ್ತು. ಬರೆದವನಿಗೆ ಹದಿನೈದು ವರ್ಷ. ಗುಟ್ಟು ಬಯಲಾದ ಕೂಡಲೇ ಆ್ಯಪ್ ಮಾಯವಾಯಿತು. ಇನ್ನು ಕೆಲವರು ಫೋನನ್ನು ಜೈಲ್‌ಬ್ರೇಕ್ ಮಾಡಿ ಮೈವೈ ಥರದ ಆ್ಯಪ್ ಹಾಕಿಕೊಂಡರು. 2011ರ ಮಾರ್ಚಿನಲ್ಲಿ ಎಟಿ ಆ್ಯಂಡ್ ಟಿ ಇಂಥ ಶಂಕಿತರಿಗೆ ನೋಟಿಸ್ ಕಳಿಸಿತು: ಟೆದರಿಂಗ್ ನಿಲ್ಲಿಸಿ, ಇಲ್ಲದಿದ್ದರೆ ನಿಮ್ಮನ್ನು 45 ಡಾಲರಿನ ಟೆದರಿಂಗ್ ಪ್ಲಾನಿಗೆ ನಾವೇ ವರ್ಗಾಯಿಸುತ್ತೇವೆ. ಇವರಲ್ಲಿ ಹಳೆಯ ಅನ್‌ಲಿಮಿಟೆಡ್ ಪ್ಲಾನ್ ಉಳಿಸಿಕೊಂಡಿದ್ದವರೂ ಇದ್ದರು. ಪ್ಲಾನ್ ಬದಲಾದರೆ ಅದು ಮತ್ತೆ ಸಿಗುತ್ತಿರಲಿಲ್ಲ.

ಈ ನಡುವೆ ಒಂದು ಸಣ್ಣ ಘಟನೆಯನ್ನು ಗಮನಿಸಬೇಕು. 2011ರ ಫೆಬ್ರವರಿಯಲ್ಲಿ ಪ್ರತಿಸ್ಪರ್ಧಿ ವೆರೈಝನ್ ಕೂಡ ಐಫೋನ್ ಮಾರಲು ಶುರು ಮಾಡಿತು, 20 ಡಾಲರಿನ ಹಾಟ್‌ಸ್ಪಾಟಿಗೆ 2 ಜಿಬಿ ಡೇಟಾವನ್ನೂ ಸೇರಿಸಿತು. ತಕ್ಷಣ ಎಟಿ ಆ್ಯಂಡ್ ಟಿ ಕೂಡ 2 ಜಿಬಿ ಸೇರಿಸಿತು. ಹಿಂದಿನ ತಿಂಗಳವರೆಗೆ ಅಸಾಧ್ಯವಾಗಿದ್ದದ್ದು ಎದುರಂಗಡಿ ತೆರೆದ ಕೂಡಲೇ ಸಾಧ್ಯವಾಯಿತು. ಟವರುಗಳ ಸಾಮರ್ಥ್ಯ ಆ ಒಂದು ತಿಂಗಳಲ್ಲಿ ಬದಲಾಗಿರಲಿಲ್ಲ.

ಹರಾಜಿನ ಷರತ್ತು ಕೆಲಸಕ್ಕೆ ಬಂದ ಕಥೆ

ವೆರೈಝನ್ ಏನೂ ಸಾಧುವಲ್ಲ. ಆದರೆ ಅದರ ಕೈಯನ್ನು ಕಟ್ಟಿಹಾಕಲು ಒಂದು ನಿಯಮ ಇತ್ತು. ಅದು ಹುಟ್ಟಿದ ರೀತಿ ತಿಳಿದುಕೊಳ್ಳುವಂಥದ್ದು.

ಟಿವಿ ಪ್ರಸಾರ ಡಿಜಿಟಲ್ ಆದಾಗ ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಸ್ಪೆಕ್ಟ್ರಂ ಖಾಲಿಯಾಯಿತು. ಅದನ್ನು ಹರಾಜು ಹಾಕುವ ಮುನ್ನ, 2007ರ ಜುಲೈನಲ್ಲಿ, ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಅದರ ಒಂದು ಭಾಗಕ್ಕೆ ಷರತ್ತು ಹಾಕಿತು. 'ಸಿ ಬ್ಲಾಕ್' ಅನ್ನುವ ಆ ಭಾಗವನ್ನು ಕೊಂಡವರು ಗ್ರಾಹಕರು ತಮಗಿಷ್ಟದ ಸಾಧನ ಮತ್ತು ಆ್ಯಪ್ ಬಳಸುವುದನ್ನು ತಡೆಯುವಂತಿಲ್ಲ. ಇಂಥ ಷರತ್ತಿಗೆ ಗೂಗಲ್ ಒತ್ತಾಯ ಮಾಡಿತ್ತು, ಗ್ರಾಹಕ ಸಂಘಟನೆಗಳೂ ಮಾಡಿದ್ದವು. ವೆರೈಝನ್ ವಿರೋಧಿಸಿ ಕೋರ್ಟಿಗೆ ಹೋಗಿ, ಆಮೇಲೆ ಅರ್ಜಿ ವಾಪಸ್ ತೆಗೆದುಕೊಂಡಿತು. 2008ರ ಹರಾಜಿನಲ್ಲಿ ಸಿ ಬ್ಲಾಕಿನ ಬಹುಭಾಗವನ್ನು ಸುಮಾರು 4.7 ಶತಕೋಟಿ ಡಾಲರಿಗೆ ಕೊಂಡದ್ದೂ ಅದೇ ವೆರೈಝನ್.

2011ರಲ್ಲಿ ಆಂಡ್ರಾಯ್ಡ್ ಮಾರ್ಕೆಟ್ಟಿನಲ್ಲಿ ವೆರೈಝನ್ ಗ್ರಾಹಕರಿಗೆ ಟೆದರಿಂಗ್ ಆ್ಯಪ್‌ಗಳು ಸಿಗುವುದು ನಿಂತಿತು. ಫ್ರೀ ಪ್ರೆಸ್ ಅನ್ನುವ ಸಂಘಟನೆ ಎಫ್‌ಸಿಸಿಗೆ ದೂರು ಕೊಟ್ಟಿತು: ಸಿ ಬ್ಲಾಕ್ ಷರತ್ತು ಏನಾಯಿತು? 2012ರ ಜುಲೈ 31ರಂದು ಪ್ರಕರಣ ಒಪ್ಪಂದದಲ್ಲಿ ಮುಗಿಯಿತು. ವೆರೈಝನ್ ಸರ್ಕಾರಿ ಖಜಾನೆಗೆ 12.5 ಲಕ್ಷ ಡಾಲರ್ ಕಟ್ಟಿತು, ಆ್ಯಪ್‌ಗಳಿಗೆ ತನ್ನ ಆಕ್ಷೇಪ ಇಲ್ಲ ಅಂತ ಗೂಗಲ್‌ಗೆ ತಿಳಿಸಲು ಒಪ್ಪಿತು. ಬಳಕೆಗೆ ತಕ್ಕಂತೆ ದುಡ್ಡು ಕೊಡುವ ಗ್ರಾಹಕರು ಇಂಥ ಆ್ಯಪ್‌ಗಳ ಮೂಲಕ ಹೆಚ್ಚುವರಿ ಶುಲ್ಕ ಇಲ್ಲದೆ ಟೆದರಿಂಗ್ ಮಾಡಬಹುದು ಅಂತಾಯಿತು.

ಆ ಕಂಪನಿಯ ಗಾತ್ರಕ್ಕೆ 12.5 ಲಕ್ಷ ಡಾಲರ್ ಚಿಲ್ಲರೆ ಕಾಸು. ಆದರೂ ನನಗೆ ಈ ಪ್ರಕರಣ ಮುಖ್ಯ ಅನ್ನಿಸುವುದು ಬೇರೆ ಕಾರಣಕ್ಕೆ. ಯಾರೂ ಟೆದರಿಂಗ್ ಬಗ್ಗೆ ತಲೆ ಕೆಡಿಸಿಕೊಂಡಿರದ ಹೊತ್ತಿನಲ್ಲಿ, ಹರಾಜಿನ ದಾಖಲೆಯಲ್ಲಿ ಬರೆಸಿದ ಒಂದು ಸಾಲು ಐದು ವರ್ಷದ ನಂತರ ಗ್ರಾಹಕರ ಕೈಗೆ ಅಸ್ತ್ರವಾಯಿತು. ಸ್ಪೆಕ್ಟ್ರಂ ಸಾರ್ವಜನಿಕ ಆಸ್ತಿ. ಅದನ್ನು ಕೊಡುವ ದಿನವೇ ಷರತ್ತು ಹಾಕಬೇಕು, ಕೊಟ್ಟಾದ ಮೇಲೆ ಕೇಳಿದರೆ ಕೇಳುವವರು ಯಾರು?

'ಅನ್‌ಲಿಮಿಟೆಡ್' ಅನ್ನುವ ಪದದ ತಕರಾರು

ಒಪ್ಪಂದದಲ್ಲಿ ಒಂದು ಕಿಂಡಿ ಉಳಿದಿತ್ತು. ಅನ್‌ಲಿಮಿಟೆಡ್ ಪ್ಲಾನಿನವರಿಗೆ ಟೆದರಿಂಗ್ ಶುಲ್ಕ ಹಾಕುವುದನ್ನು ಅದು ತಡೆಯಲಿಲ್ಲ. ಮುಂದಿನ ಜಗಳಗಳೆಲ್ಲ ನಡೆದದ್ದು ಆ ಕಿಂಡಿಯಲ್ಲೇ.

2015ರ ಆಗಸ್ಟ್ ಕೊನೆಯಲ್ಲಿ ಟಿ-ಮೊಬೈಲ್ ಕಂಪನಿಯ ಅಂದಿನ ಸಿಇಒ ಜಾನ್ ಲೆಜರ್, ಹಾಟ್‌ಸ್ಪಾಟ್ ಮಿತಿಯನ್ನು ತಪ್ಪಿಸಿಕೊಂಡು ಬಳಸುವವರನ್ನು ಬಹಿರಂಗವಾಗಿ ಕಳ್ಳರು ಅಂತ ಕರೆದರು. ಅವರ ಅನ್‌ಲಿಮಿಟೆಡ್ ಪ್ಲಾನಿನಲ್ಲಿ ವೇಗದ ಟೆದರಿಂಗಿಗೆ 7 ಜಿಬಿ ಮಿತಿ ಇತ್ತು. ಕೆಲವರು ತಿಂಗಳಿಗೆ 2 ಟೆರಾಬೈಟ್‌ವರೆಗೆ ಬಳಸುತ್ತಿದ್ದಾರೆ ಅನ್ನುವುದು ಅವರ ದೂರು. ಅಂಥವರು ಎಷ್ಟು ಜನ? ಅವರದೇ ಲೆಕ್ಕದಲ್ಲಿ 5.9 ಕೋಟಿ ಗ್ರಾಹಕರಲ್ಲಿ ಸುಮಾರು 3,000.

ತಿಂಗಳಿಗೆ 2 ಟೆರಾಬೈಟ್ ಬಳಸುವವನ ಪರ ನಾನು ವಕಾಲತ್ತು ಹಾಕುತ್ತಿಲ್ಲ. ಅವನು ಅಕ್ಕಪಕ್ಕದವರ ವೇಗವನ್ನು ನಿಜವಾಗಿಯೂ ತಿಂದಿರಬಹುದು. ಆದರೆ ಅವನ ತಪ್ಪು 2 ಟೆರಾಬೈಟ್, ಲ್ಯಾಪ್‌ಟಾಪ್ ಅಲ್ಲ. ಅಷ್ಟನ್ನೂ ಫೋನಿನಲ್ಲೇ ಬಳಸಿದ್ದರೆ ಟವರಿನ ಮೇಲೆ ಬೀಳುವ ಹೊರೆ ಅಷ್ಟೇ ಇರುತ್ತಿತ್ತು. ಊಟಕ್ಕೆ ಮಿತಿ ಇಲ್ಲ ಅಂತ ಬೋರ್ಡ್ ಹಾಕಿ, ಎಡಗೈಯಲ್ಲಿ ತಿನ್ನುವವನನ್ನು ಕಳ್ಳ ಅನ್ನುವ ಮೆಸ್ ಇದು.

ಮರುವರ್ಷ ಅದೇ ಕಂಪನಿ 70 ಡಾಲರಿನ 'ಒನ್' ಪ್ಲಾನ್ ತಂದಿತು. ಎಲ್ಲವೂ ಅನ್‌ಲಿಮಿಟೆಡ್, ಹಾಟ್‌ಸ್ಪಾಟ್ ಮಾತ್ರ 2ಜಿ ವೇಗದಲ್ಲಿ. ಗ್ರಾಹಕರು ಬೈದದ್ದಕ್ಕೆ ಹತ್ತೇ ದಿನದಲ್ಲಿ ವೇಗವನ್ನು 512 ಕೆಬಿಪಿಎಸ್‌ಗೆ ಏರಿಸಿತು. 2017ರ ಫೆಬ್ರವರಿಯಲ್ಲಿ ವೆರೈಝನ್ ಅನ್‌ಲಿಮಿಟೆಡ್ ಪ್ಲಾನಿನ ಜೊತೆ 10 ಜಿಬಿ ಹಾಟ್‌ಸ್ಪಾಟ್ ಕೊಟ್ಟಾಗ ಟಿ-ಮೊಬೈಲ್ ಕೆಲವೇ ದಿನದಲ್ಲಿ ಅಷ್ಟನ್ನೇ ಕೊಟ್ಟಿತು. ಮತ್ತೆ ಅದೇ ಪಾಠ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಶಾಲೆ-ಕಚೇರಿ ಎಲ್ಲ ಮನೆಗೆ ಬಂದಾಗ ಟಿ-ಮೊಬೈಲ್ ತನ್ನ ಗ್ರಾಹಕರಿಗೆ 60 ದಿನಗಳಿಗೆ ಹೆಚ್ಚುವರಿ 20 ಜಿಬಿ ಹಾಟ್‌ಸ್ಪಾಟ್ ಡೇಟಾ ಉಚಿತ ಅಂದಿತು. ಒಳ್ಳೆಯ ಕೆಲಸವೇ. ಆದರೆ ಜನ ಹಿಂದೆಂದಿಗಿಂತ ಹೆಚ್ಚು ನೆಟ್ ಬಳಸುತ್ತಿದ್ದ ಆ ದಿನಗಳಲ್ಲೇ ಗೇಟ್ ತೆರೆಯಲು ಸಾಧ್ಯವಾಯಿತು ಅಂದರೆ, ಉಳಿದ ದಿನ ಅದನ್ನು ಮುಚ್ಚಿಡಲು ತಂತ್ರಜ್ಞಾನ ಕಾರಣ ಅನ್ನುವ ಮಾತನ್ನು ಹೇಗೆ ನಂಬೋಣ?

ಕಂಪನಿಗಳ ವಾದದಲ್ಲಿ ಹುರುಳಿಲ್ಲವೇ?

ಇದೆ, ಅದನ್ನು ನ್ಯಾಯವಾಗಿ ಕೇಳಬೇಕು. ಒಂದು ಟವರಿನ ಸಾಮರ್ಥ್ಯವನ್ನು ಆ ಸುತ್ತಿನ ಎಲ್ಲರೂ ಹಂಚಿಕೊಳ್ಳುತ್ತಾರೆ. ಎಲ್ಲರೂ ಒಟ್ಟಿಗೆ ಪೂರ್ತಿ ಬಳಸುವುದಿಲ್ಲ ಅನ್ನುವ ಅಂದಾಜಿನ ಮೇಲೆ ಅನ್‌ಲಿಮಿಟೆಡ್ ಪ್ಲಾನಿನ ಬೆಲೆ ನಿಂತಿರುತ್ತದೆ. ಫೋನಿಗಿಂತ ಲ್ಯಾಪ್‌ಟಾಪ್ ಹೆಚ್ಚು ಡೇಟಾ ನುಂಗುತ್ತದೆ ಅನ್ನುವುದೂ ನಿಜ. ಹಿನ್ನೆಲೆಯಲ್ಲಿ ಅಪ್‌ಡೇಟ್, ಬ್ಯಾಕಪ್, ದೊಡ್ಡ ಪರದೆಗೆ ದೊಡ್ಡ ವಿಡಿಯೋ. ಒಂದು ಫೋನಿನಿಂದ ಇಡೀ ಮನೆ ಬಳಸಿದರೆ ಅಂದಾಜು ತಲೆಕೆಳಗಾಗುತ್ತದೆ.

ಸರಿ. ಆದರೆ ಇದಕ್ಕೆ ಮದ್ದು ಏನು? ನಿಜವಾದ ಸಮಸ್ಯೆ ದಟ್ಟಣೆಯಾದರೆ, ದಟ್ಟಣೆ ಇರುವ ಜಾಗದಲ್ಲಿ, ದಟ್ಟಣೆಯ ಹೊತ್ತಿನಲ್ಲಿ, ಹೆಚ್ಚು ಬಳಸಿದವರನ್ನು ಸ್ವಲ್ಪ ಹಿಂದಕ್ಕೆ ನಿಲ್ಲಿಸಬಹುದು. ಅಥವಾ ಇಷ್ಟು ಜಿಬಿ ಅಂತ ಪ್ರಾಮಾಣಿಕವಾಗಿ ಅಳೆದು ಮಾರಬಹುದು. ಎರಡೂ ವ್ಯವಸ್ಥೆ ಈಗಾಗಲೇ ಇವೆ. ಇವುಗಳಿಗೆ ಸಾಧನ ಯಾವುದು ಅನ್ನುವ ಮಾಹಿತಿ ಬೇಕಾಗುವುದೇ ಇಲ್ಲ. ಟೆದರಿಂಗ್ ಮಿತಿ ಹಾಗಲ್ಲ. ರಾತ್ರಿ ಎರಡು ಗಂಟೆಗೆ ಟವರ್ ಖಾಲಿ ಹೊಡೆಯುತ್ತಿದ್ದರೂ ಅದು ಅನ್ವಯಿಸುತ್ತದೆ.

ನನ್ನ ಓದಿನ ಪ್ರಕಾರ ನಿಜವಾದ ಕಾರಣ ಅರ್ಥಶಾಸ್ತ್ರದ್ದು. ಲ್ಯಾಪ್‌ಟಾಪ್ ತೆಗೆದು ದಾರಿಯಲ್ಲಿ ಕೆಲಸ ಮಾಡಬೇಕಾದವನಿಗೆ ತುರ್ತು ಇರುತ್ತದೆ, ಅವನು ಹೆಚ್ಚು ಕೊಡಬಲ್ಲ. ಅವನನ್ನು ಗುರುತಿಸಿ ಹೆಚ್ಚು ವಸೂಲಿ ಮಾಡಲು ಟೆದರಿಂಗ್ ಒಂದು ಸುಲಭದ ಗುರುತು. ಜೊತೆಗೆ ಅದೇ ಕಂಪನಿಗಳು ಮನೆಗೆ ಬೇರೆ ಇಂಟರ್ನೆಟ್ ಸಂಪರ್ಕವನ್ನೂ ಮಾರುತ್ತವೆ. ಫೋನೇ ಮನೆಯ ರೂಟರ್ ಆಗಿಬಿಟ್ಟರೆ ಆ ವ್ಯಾಪಾರ ಕುಸಿಯುತ್ತದೆ. ಇದರಿಂದ ಪೆಟ್ಟು ತಿನ್ನುವುದು ಮಾತ್ರ ತುರ್ತಿನ ಉದ್ಯೋಗಿಗಿಂತ ಹೆಚ್ಚಾಗಿ, ಮನೆಗೆ ಬೇರೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳಲು ಆಗದೆ ಫೋನೊಂದನ್ನೇ ನಂಬಿಕೊಂಡ ಕುಟುಂಬ.

ಮುಚ್ಚಳ ಹಾಕಿದ್ದಕ್ಕೂ ಕೋರ್ಟು

ಈ ಜಗಳ ಇಂದು ನಿನ್ನೆಯದಲ್ಲ. ಹಳೆಯ ಎಟಿ ಆ್ಯಂಡ್ ಟಿ ಕಾಲದಲ್ಲಿ ಫೋನ್ ಉಪಕರಣವೂ ಕಂಪನಿಯದೇ, ಅದಕ್ಕೆ ಬೇರೆಯವರ ಯಾವ ವಸ್ತುವನ್ನೂ ಜೋಡಿಸುವಂತಿರಲಿಲ್ಲ. ಹಶ್-ಎ-ಫೋನ್ ಅನ್ನುವುದು ಫೋನಿನ ಬಾಯಿಗೆ ಸಿಕ್ಕಿಸುವ ಬಟ್ಟಲಿನಂಥ ಸಾಧನ. ಮಾತು ಪಕ್ಕದವರಿಗೆ ಕೇಳಿಸಬಾರದು ಅಂತ, ಅಷ್ಟೇ. ಅದಕ್ಕೂ ಕಂಪನಿ ತಡೆ ಒಡ್ಡಿತು, ಎಫ್‌ಸಿಸಿ ಕಂಪನಿಯ ಪರ ನಿಂತಿತು. 1956ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಆಮೇಲೆ ಟೆಕ್ಸಾಸಿನ ಥಾಮಸ್ ಕಾರ್ಟರ್ ಅನ್ನುವವರು ವೈರ್‌ಲೆಸ್ ರೇಡಿಯೋವನ್ನು ಫೋನ್ ಜಾಲಕ್ಕೆ ಬೆಸೆಯುವ ಕಾರ್ಟರ್‌ಫೋನ್ ಮಾಡಿದರು. 1968ರಲ್ಲಿ ಎಫ್‌ಸಿಸಿ ಅವರ ಪರ ತೀರ್ಪು ಕೊಟ್ಟಿತು: ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಜೋಡಿಸಲು ಗ್ರಾಹಕನಿಗೆ ಅವಕಾಶ ಇರಬೇಕು.

ಆ ತೀರ್ಪಿನ ಬಾಗಿಲಿನಿಂದಲೇ ಆನ್ಸರಿಂಗ್ ಮಷಿನ್, ಫ್ಯಾಕ್ಸ್, ಮೋಡೆಮ್ ಎಲ್ಲ ಒಳಗೆ ಬಂದವು. ಮೋಡೆಮ್ ಇಲ್ಲದಿದ್ದರೆ ಮನೆಮನೆಗೆ ಡಯಲ್-ಅಪ್ ಇಂಟರ್ನೆಟ್ ಎಲ್ಲಿತ್ತು? ಮೊಬೈಲಿಗೂ ಕಾರ್ಟರ್‌ಫೋನ್ ನಿಯಮ ಬೇಕು ಅಂತ 2007ರಲ್ಲಿ ಕಾನೂನು ಪ್ರಾಧ್ಯಾಪಕ ಟಿಮ್ ವು ಪ್ರಬಂಧ ಬರೆದರು, ಸ್ಕೈಪ್ ಕಂಪನಿ ಎಫ್‌ಸಿಸಿಗೆ ಅರ್ಜಿ ಹಾಕಿತು. ಸಿಕ್ಕಿದ್ದು ಸಿ ಬ್ಲಾಕಿನ ಒಂದು ತುಂಡು ಮಾತ್ರ. ಎಫ್‌ಸಿಸಿ 2024ರಲ್ಲಿ ಮತ್ತೆ ತಂದ ನೆಟ್ ನ್ಯೂಟ್ರಾಲಿಟಿ ನಿಯಮಗಳನ್ನು 2025ರ ಜನವರಿಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿದ ಮೇಲೆ ಅಮೆರಿಕದ ಗ್ರಾಹಕರ ಕೈ ಇನ್ನಷ್ಟು ಬರಿದಾಗಿದೆ.

ಯುರೋಪ್ ಈ ವಿಷಯದಲ್ಲಿ ಮುಂದಿದೆ. ಅಲ್ಲಿನ 2015ರ ನಿಯಮ ಗ್ರಾಹಕರಿಗೆ ತಮ್ಮ ಆಯ್ಕೆಯ ಸಾಧನ ಬಳಸುವ ಹಕ್ಕನ್ನು ನೇರವಾಗಿ ಬರೆದು ಕೊಟ್ಟಿದೆ. ಅದೇ ನಿಯಮ ಹಿಡಿದು 2018ರಲ್ಲಿ ಬ್ರಿಟನ್ನಿನ ಆಫ್‌ಕಾಮ್, ಟೆದರಿಂಗ್ ನಿರ್ಬಂಧಕ್ಕಾಗಿ ಥ್ರೀ ಕಂಪನಿಯ ಮೇಲೆ ತನಿಖೆ ಆರಂಭಿಸಿತು. ಜರ್ಮನಿಯಲ್ಲಿ ವೊಡಾಫೋನ್ ಪಾಸ್ ಅನ್ನುವ ಪ್ಲಾನ್ ಇತ್ತು. ಕೆಲವು ಆ್ಯಪ್‌ಗಳ ಡೇಟಾ ಲೆಕ್ಕಕ್ಕಿಲ್ಲ, ಆದರೆ ಹಾಟ್‌ಸ್ಪಾಟ್ ಮೂಲಕ ಬಳಸಿದರೆ ಲೆಕ್ಕಕ್ಕುಂಟು. ಗ್ರಾಹಕ ಸಂಘಟನೆಗಳ ಒಕ್ಕೂಟ ಕೋರ್ಟಿಗೆ ಹೋಯಿತು. 2021ರ ಸೆಪ್ಟೆಂಬರ್ 2ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಇಂಥ ಟೆದರಿಂಗ್ ನಿರ್ಬಂಧ ನಿಯಮಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. 2022ರಲ್ಲಿ ಜರ್ಮನಿಯ ನಿಯಂತ್ರಕ ಸಂಸ್ಥೆ ಆ ಪ್ಲಾನನ್ನೇ ನಿಲ್ಲಿಸಲು ಆದೇಶಿಸಿತು.

ನಮ್ಮಲ್ಲಿ?

ಭಾರತದಲ್ಲಿ ಟೆದರಿಂಗ್ ದೊಡ್ಡ ಜಗಳವಾಗದೇ ಇರಲು ಕಾರಣ ಕಂಪನಿಗಳ ಔದಾರ್ಯ ಅಲ್ಲ, ದಿನದ ಲೆಕ್ಕ. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿ ಅಂತ ಅಳೆದು ಮಾರಿದ ಮೇಲೆ, ಮುಗಿದ ಕೂಡಲೇ ವೇಗ 64 ಕೆಬಿಪಿಎಸ್‌ಗೆ ಇಳಿಸಿದ ಮೇಲೆ, ಅದನ್ನು ಯಾರ ಲ್ಯಾಪ್‌ಟಾಪಿಗೆ ಹಂಚಿದರೂ ಕಂಪನಿಗೆ ನಷ್ಟ ಇಲ್ಲ. ಅಳತೆ ಇರುವಲ್ಲಿ ಅಪ್ಪಣೆ ಬೇಕಿಲ್ಲ ಅನ್ನುವುದಕ್ಕೆ ನಮ್ಮ ದೇಶವೇ ಸಾಕ್ಷಿ.

ಆದರೆ 5ಜಿ ಬಂದ ಮೇಲೆ ನಮ್ಮಲ್ಲೂ 'ಅನ್‌ಲಿಮಿಟೆಡ್' ಬಂದಿದೆ. 2024ರ ಜುಲೈನ ದರ ಏರಿಕೆಯ ನಂತರ ಜಿಯೋ, ಏರ್‌ಟೆಲ್ ಎರಡೂ ಅದನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಲಾನುಗಳಿಗೆ ಸೀಮಿತ ಮಾಡಿದವು. 2023ರಿಂದ ಎರಡೂ ಕಂಪನಿಗಳು 5ಜಿ ಮೂಲಕವೇ ಮನೆಗೆ ಇಂಟರ್ನೆಟ್ ಕೊಡುವ ಏರ್‌ಫೈಬರ್ ಸೇವೆಯನ್ನು ಬೇರೆಯಾಗಿ ಮಾರುತ್ತಿವೆ. ಅಂದರೆ ಅಮೆರಿಕದಲ್ಲಿ ನಿರ್ಬಂಧ ಹುಟ್ಟಿಸಿದ ಎರಡೂ ಪದಾರ್ಥ ಈಗ ನಮ್ಮ ಅಡುಗೆಮನೆಗೂ ಬಂದಿವೆ: ಅಳತೆ ಇಲ್ಲದ ಪ್ಲಾನು, ಹಾಟ್‌ಸ್ಪಾಟಿನಿಂದ ಪೆಟ್ಟು ತಿನ್ನಬಹುದಾದ ಇನ್ನೊಂದು ವ್ಯಾಪಾರ.

ನಮ್ಮ ಕೈಯಲ್ಲಿ ಏನಿದೆ? ಒಂದು ಒಳ್ಳೆಯ ಸಾಲು ಇದೆ. 2015ರಲ್ಲಿ ದೇಶದ ಯುವಜನ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಕಳಿಸಿದ್ದು ನೆನಪಿದೆಯಾ? ಆ ಒತ್ತಡದ ಫಲವಾಗಿ 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನು ನಿಷೇಧಿಸುವ ನಿಯಮ ಬಂತು, ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಬಾಗಿಲು ಮುಚ್ಚಿತು. 2017ರ ನವೆಂಬರಿನಲ್ಲಿ ಟ್ರಾಯ್ ನೆಟ್ ನ್ಯೂಟ್ರಾಲಿಟಿ ಶಿಫಾರಸು ಕೊಟ್ಟಿತು, 2018ರಲ್ಲಿ ದೂರಸಂಪರ್ಕ ಇಲಾಖೆ ಅದನ್ನು ಕಂಪನಿಗಳ ಲೈಸೆನ್ಸಿನ ಷರತ್ತಾಗಿಸಿತು. ಕಳಿಸುವವರು ಯಾರು, ಪಡೆಯುವವರು ಯಾರು, ಯಾವ ಪ್ರೋಟೋಕಾಲ್ ಅನ್ನುವುದರ ಜೊತೆಗೆ, ಬಳಕೆದಾರರ ಸಾಧನ ಯಾವುದು ಅನ್ನುವ ಆಧಾರದ ಮೇಲೂ ಡೇಟಾವನ್ನು ತಾರತಮ್ಯದಿಂದ ನೋಡುವಂತಿಲ್ಲ ಅಂತ ಅದರಲ್ಲಿ ಬರೆದಿದೆ. ಟೆದರಿಂಗ್ ಅನ್ನುವ ಪದ ಅಲ್ಲಿಲ್ಲ. ಆದರೆ ಫೋನಿನ ಡೇಟಾಗೆ ಒಂದು ವೇಗ, ಲ್ಯಾಪ್‌ಟಾಪಿನ ಡೇಟಾಗೆ ಇನ್ನೊಂದು ವೇಗ ಅನ್ನುವುದು ಸಾಧನದ ಆಧಾರದ ತಾರತಮ್ಯ ಅಲ್ಲದೆ ಮತ್ತೇನು? ನಾನಂತೂ ಆ ಸಾಲನ್ನು ಹಾಗೇ ಓದುತ್ತೇನೆ.

ಎರಡು ಎಚ್ಚರಿಕೆ. ನ್ಯಾಯಯುತ ಸಂಚಾರ ನಿರ್ವಹಣೆಗೆ ಆ ಷರತ್ತಿನಲ್ಲೇ ವಿನಾಯಿತಿ ಇದೆ, ಕಂಪನಿಗಳು ಆ ಬಾಗಿಲಿನಲ್ಲಿ ನುಸುಳಬಹುದು. ಯಾವುದು ನ್ಯಾಯಯುತ ಅಂತ ಗಮನಿಸಲು ಸಹಾಯ ಮಾಡುವ ಬಹುಪಾಲುದಾರರ ಸಂಸ್ಥೆಯೊಂದು ಬೇಕು ಅಂತ ಟ್ರಾಯ್ 2020ರ ಸೆಪ್ಟೆಂಬರಿನಲ್ಲೇ ಹೇಳಿದೆ. ಇನ್ನೊಂದು, 2023ರ ದೂರಸಂಪರ್ಕ ಕಾಯ್ದೆ ಹಳೆಯ ಲೈಸೆನ್ಸ್ ಪದ್ಧತಿಯ ಜಾಗಕ್ಕೆ ಹೊಸ ಅನುಮತಿ ಪದ್ಧತಿ ತರುತ್ತದೆ. ನಮ್ಮ ಈ ಹಕ್ಕು ನಿಂತಿರುವುದು ಸಂಸತ್ತಿನ ಕಾಯ್ದೆಯ ಮೇಲಲ್ಲ, ಲೈಸೆನ್ಸಿನ ಒಂದು ಷರತ್ತಿನ ಮೇಲೆ. ಲೈಸೆನ್ಸ್ ಬದಲಾಗುವಾಗ ಷರತ್ತುಗಳು ಸದ್ದಿಲ್ಲದೆ ತೆಳುವಾಗುವುದು ಹೊಸದೇನಲ್ಲ.

ಇದೆಲ್ಲ ಮೇಲ್ಮಧ್ಯಮ ವರ್ಗದ ತಲೆನೋವು ಅಂತ ಅನ್ನಿಸಿದರೆ ಒಂದು ಅಂಕಿ ನೋಡಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಶೇ 4.4, ಇಂಟರ್ನೆಟ್ ಸೌಲಭ್ಯ ಇದ್ದವು ಶೇ 14.9. ಆಮೇಲೆ ಪರಿಸ್ಥಿತಿ ಸುಧಾರಿಸಿದೆ, ಸುಧಾರಿಸಿದ್ದು ಬಹುಮಟ್ಟಿಗೆ ಮೊಬೈಲಿನಿಂದ. ಲಾಕ್‌ಡೌನಿನಲ್ಲಿ ಅಪ್ಪನ ಫೋನಿನಿಂದ ಹಾಟ್‌ಸ್ಪಾಟ್ ತಗೊಂಡು ಕ್ಲಾಸ್ ಕೇಳಿದವರು ಈ ಲೇಖನ ಓದುತ್ತಿರುವವರಲ್ಲೇ ಎಷ್ಟೋ ಜನ ಇರುತ್ತೀರಿ. ಮೊದಲ ಲ್ಯಾಪ್‌ಟಾಪ್ ಮನೆಗೆ ಬಂದಾಗ ಅದಕ್ಕೆ ಸಿಗುವ ಮೊದಲ ಇಂಟರ್ನೆಟ್ ಯಾರದೋ ಜೇಬಿನಲ್ಲಿರುವ ಫೋನಿನದು. ಅದರ ಮೇಲೆ ಸುಂಕ ಬಿದ್ದರೆ ಮೊದಲು ನಿಲ್ಲುವುದು ಆ ಮನೆಯ ಓದು.

ಹಾಗಾಗಿ ಮಾಡಬೇಕಾದ್ದು ಸಣ್ಣದು. ರೀಚಾರ್ಜ್ ಮಾಡುವಾಗ ಅನ್‌ಲಿಮಿಟೆಡ್ ಪ್ಲಾನಿನ ಷರತ್ತುಗಳಲ್ಲಿ ಹಾಟ್‌ಸ್ಪಾಟ್ ಅನ್ನುವ ಪದ ಹುಡುಕಿ ಓದಿ. ಹಾಟ್‌ಸ್ಪಾಟಿಗೆ ಬೇರೆ ವೇಗ ಕಂಡರೆ ಕಂಪನಿಗೆ ದೂರು ಕೊಟ್ಟು ನಂಬರ್ ಪಡೆಯಿರಿ, ಅಲ್ಲಿ ಬಗೆಹರಿಯದಿದ್ದರೆ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಟ್ರಾಯ್ ಸಮಾಲೋಚನಾ ಪತ್ರ ಹೊರಡಿಸಿದಾಗ "ಬಳಕೆದಾರರ ಸಾಧನ" ಅನ್ನುವ ಆ ಎರಡು ಪದ ಹೊಸ ನಿಯಮದಲ್ಲೂ ಉಳಿಯಬೇಕು ಅಂತ ಎರಡು ಸಾಲಿನ ಇಮೇಲ್ ಹಾಕಿ. 2015ರಲ್ಲಿ ಹಾಗೆ ಬರೆದವರು ಮಂತ್ರಿಗಳಲ್ಲ, ಬಹುಪಾಲು ನಿಮ್ಮದೇ ವಯಸ್ಸಿನವರು.